ಮಹಾನಗರದ ಮ್ಯೂಸಿಯಂಗಳಿಗೆ ಒಬ್ಬರೇ ಹೋಗುವುದು: ಎಷ್ಟು ನೋಡಬೇಕು, ಹೇಗೆ ನೋಡಬೇಕು?

ಸಪ್ತಾಪುರ, ಧಾರವಾಡ (ಚರ್ಚೆ ಆರಂಭಿಸಿದವರು)

ಚಿತ್ರ, ಶಿಲ್ಪಗಳ ಮೇಲೆ ಪ್ರೀತಿಯಿದ್ದರೂ ಜೊತೆಗೆ ಬರುವವರಿಲ್ಲ ಎಂಬ ಒಂದೇ ಕಾರಣಕ್ಕೆ ಮುಂಬೈ, ದೆಹಲಿ, ಚೆನ್ನೈಗಳ ದೊಡ್ಡ ವಸ್ತುಸಂಗ್ರಹಾಲಯಗಳನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಬಂದವರು ನಮ್ಮ ಬಳಗದಲ್ಲಿ ಅನೇಕರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರಜೆ ಕೂಡಿಬಂದಾಗಲೆಲ್ಲ ನಾನು ಒಬ್ಬಳೇ ಹೋಗಿ ಬರುತ್ತೇನೆ. ಕಲೆಯನ್ನು ನೋಡಲು ಒಬ್ಬರೇ ಹೋಗುವುದು ಅನಿವಾರ್ಯಕ್ಕೆ ಒಪ್ಪಿಕೊಂಡ ದಾರಿಯೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಅದೇ ಅತ್ಯುತ್ತಮ ದಾರಿಯೆಂದು ದೃಢವಾಗಿ ನಂಬಿದ್ದೇನೆ. ಗುಂಪಿನಲ್ಲಿ ಹೋದರೆ ಯಾರಿಗೋ ಹಸಿವಾಗುತ್ತದೆ, ಯಾರಿಗೋ ಅಂಗಡಿ ಬೀದಿ ನೆನಪಾಗುತ್ತದೆ, ಒಂದು ಶಿಲ್ಪದ ಮುಂದೆ ನಿಂತವರನ್ನು ಉಳಿದವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಒಬ್ಬರೇ ಇದ್ದಾಗ ಮಾತ್ರ ಒಂದೇ ಕೃತಿಯ ಎದುರು ಅರ್ಧ ತಾಸು ಕಳೆಯುವ ಸ್ವಾತಂತ್ರ್ಯ ಸಿಗುತ್ತದೆ. ಎಲ್ಲವನ್ನೂ ನೋಡಿ ಮುಗಿಸುವ ಆತುರ ಬಿಟ್ಟು, ಒಂದೇ ಕೋಣೆಯಾದರೂ ಸರಿ, ನಾಲ್ಕಾರು ಕೃತಿಗಳ ಮುಂದೆ ಮಾತ್ರ ನಿಲ್ಲಿ ಎಂಬುದೇ ನನ್ನ ಸಲಹೆ. ಒಂದೇ ರಾಗದ ಬಡಾ ಖ್ಯಾಲನ್ನು ತಾಸುಗಟ್ಟಲೆ ಕೂತು ಕೇಳುವ ಊರಿನವರು ನಾವು. ಆ ಸಾವಧಾನವನ್ನು ಕಿವಿಯಿಂದ ಕಣ್ಣಿಗೆ ತಂದುಕೊಂಡರೆ ಮ್ಯೂಸಿಯಂ ನೋಡುವ ಅರ್ಧ ವಿದ್ಯೆ ಬಂದಂತೆಯೇ.

ಮುಂಬೈಯಿಂದ ಆರಂಭಿಸುತ್ತೇನೆ, ಏಕೆಂದರೆ ಆ ನಗರಕ್ಕೂ ನಮಗೂ ಹಳೆಯ ನಂಟಿದೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಧಾರವಾಡ ಜಿಲ್ಲೆಯ ಆಡಳಿತ ಮುಂಬೈಯಿಂದಲೇ ನಡೆಯುತ್ತಿತ್ತು. 1997ರಲ್ಲಿ ಪ್ರತ್ಯೇಕವಾದ ಗದಗ, ಹಾವೇರಿ ಜಿಲ್ಲೆಗಳೂ ಆಗ ಅದರೊಳಗೇ ಇದ್ದವು. ಬಿಜಾಪುರ ಜಿಲ್ಲೆಯದೂ ಅದೇ ಕಥೆ. ಹೀಗಾಗಿ ಈ ಸೀಮೆಯ ಶಿಲ್ಪಗಳನ್ನು ಸಂಗ್ರಹಿಸಿದಾಗ ಅವು ಹೋಗಿ ಸೇರಿದ್ದು ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂಗೆ. ಇಂದು ಅದರ ಹೆಸರು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. 1905ರಲ್ಲಿ ಅಡಿಗಲ್ಲು ಬಿದ್ದ ಆ ಕಟ್ಟಡ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯಾಗಿ ಬಳಕೆಯಾಗಿ, 1922ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಅದರ ಗುಮ್ಮಟಕ್ಕೆ ವಿಜಯಪುರದ ಗೋಳಗುಮ್ಮಟದಿಂದ ಸ್ಫೂರ್ತಿ ಪಡೆದರು. ನಮ್ಮ ಕಡೆಯಿಂದ ಹೋದವರಿಗೆ ಆ ಗುಮ್ಮಟ ಅಂಗಳದಿಂದಲೇ ಪರಿಚಿತವಾಗಿ ಕಾಣುತ್ತದೆ.

ಅಲ್ಲಿ ನಾನು ಪ್ರತಿ ಸಲವೂ ಮೊದಲು ಹೋಗುವುದು ನೆಲಮಹಡಿಯ ಶಿಲ್ಪ ವಿಭಾಗಕ್ಕೆ, ಅಲ್ಲಿಯೂ ಐಹೊಳೆಯಿಂದ ಬಂದ ಫಲಕಗಳ ಬಳಿಗೆ. ಬಾದಾಮಿ ಚಾಲುಕ್ಯರ ಕಾಲದ ಮರಳುಗಲ್ಲಿನ ಕೆಲಸ. ಬ್ರಹ್ಮನ ಫಲಕವನ್ನೇ ತೆಗೆದುಕೊಳ್ಳಿ. ದೇವರು ಕಮಲದ ಮೇಲೆ ಕುಳಿತಿದ್ದಾನೆ, ನಮ್ಮ ಕಡೆಗೆ ಮೂರು ಮುಖಗಳು ಕಾಣುತ್ತವೆ, ಸುತ್ತ ಋಷಿಗಳಿದ್ದಾರೆ. ಗೋಡೆಗೆ ನಿಲ್ಲಿಸಿದ ಶಿಲ್ಪವೆಂದು ಭಾವಿಸಿ ನೋಡಿದರೆ ಚೆಲುವಾದ ಒಂದು ಉಬ್ಬುಶಿಲ್ಪ, ಅಷ್ಟೇ. ಆದರೆ ಅದು ಗುಡಿಯ ಛಾವಣಿಯಲ್ಲಿದ್ದ ಕಲ್ಲು. ಮಂಟಪದ ನಡುವೆ ನಿಂತು ಕತ್ತೆತ್ತಿದವನಿಗೆ ಕಾಣಲೆಂದು ಕೆತ್ತಿದ್ದು. ಗುಡಿಯಲ್ಲಿ ಬೆಳಕು ಬಾಗಿಲಿನಿಂದ ಒಳಬಂದು, ನೆಲಕ್ಕೆ ಬಿದ್ದು, ಅಲ್ಲಿಂದ ಮೆಲ್ಲಗೆ ಮೇಲಕ್ಕೆ ಹರಡಿ ಆ ಆಕೃತಿಗಳನ್ನು ಕೆಳಗಿನಿಂದ ಬೆಳಗುತ್ತಿತ್ತು. ಸಂಗ್ರಹಾಲಯದಲ್ಲಿ ದೀಪ ಮೇಲಿನಿಂದ ಬೀಳುತ್ತದೆ, ನೆರಳುಗಳ ದಿಕ್ಕೇ ಬದಲಾಗುತ್ತದೆ. ಇದು ಮನಸ್ಸಿಗೆ ಬಂದ ಮೇಲೆ ನಾನು ಆ ಫಲಕದ ಹತ್ತಿರ ಹೋಗಿ, ಮಂಡಿ ಬಗ್ಗಿಸಿ, ಕೆಳಗಿನಿಂದ ನೋಡಿದೆ. ಆಗ ದೇಹಗಳ ದುಂಡುತನಕ್ಕೆ ಬೇರೆಯೇ ಅರ್ಥ ಬಂತು, ಶಿಲ್ಪಿ ಎಲ್ಲಿ ಆಳವಾಗಿ ಕಡಿದಿದ್ದಾನೆ, ಎಲ್ಲಿ ತೆಳುವಾಗಿ ಬಿಟ್ಟಿದ್ದಾನೆ ಎಂಬುದು ತಿಳಿಯಿತು. ಕಾವಲಿನವರು ವಿಚಿತ್ರವಾಗಿ ನೋಡಿದರು, ಆದರೆ ಏನೂ ಹೇಳಲಿಲ್ಲ.

ಉಳಿದವರು ಹೇಗೆ ನೋಡುತ್ತೀರಿ, ಯಾವ ನಗರದಲ್ಲಿ ಯಾವುದರ ಮುಂದೆ ನಿಂತಿದ್ದೀರಿ ಎಂಬುದನ್ನು ವಿವರವಾಗಿ ಬರೆಯಬೇಕೆಂದು ವಿನಂತಿ.

ಬೆಟಗೇರಿ, ಗದಗ

ಛಾವಣಿಯ ಮಾತು ಬಂದದ್ದು ಬಹಳ ಒಳ್ಳೆಯದಾಯಿತು. ಇದಕ್ಕೆ ಒಂದು ಮಾತನ್ನು ಸೇರಿಸುತ್ತೇನೆ: ಮುಂಬೈಗೆ ಹೊರಡುವ ಮೊದಲು ಐಹೊಳೆಯ ಕೊಂತಿಗುಡಿಗೆ ಹೋಗಿ ಬನ್ನಿ. ಅಲ್ಲಿ ಬ್ರಹ್ಮ, ಶೇಷಶಾಯಿ ವಿಷ್ಣು, ಶಿವ ಇರುವ ಛಾವಣಿಯ ಫಲಕಗಳು ಇಂದಿಗೂ ತಮ್ಮ ಜಾಗದಲ್ಲಿಯೇ ಇವೆ. ಕತ್ತು ನೋಯುವವರೆಗೆ ನೋಡಿದ ಮೇಲೆ ಮುಂಬೈಯ ಫಲಕದ ಎದುರು ನಿಂತರೆ, ಸಂಗ್ರಹಾಲಯ ಕೊಟ್ಟದ್ದೇನು, ಕಳೆದದ್ದೇನು ಎರಡೂ ಒಮ್ಮೆಗೇ ಅರಿವಾಗುತ್ತವೆ. ಹತ್ತಿರದಿಂದ ನೋಡುವ ಅವಕಾಶವನ್ನು ಅದು ಕೊಟ್ಟಿದೆ. ತಲೆಯ ಮೇಲೆ ದೇವರಿರುವ ಅನುಭವವನ್ನು ಕಳೆದಿದೆ.

ಅಷ್ಟು ದೂರ ಹೋಗಲಾಗದವರಿಗೆ ಲಕ್ಕುಂಡಿ ಇದೆ. ಗದಗದಿಂದ ಸುಮಾರು 12 ಕಿ.ಮೀ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗೆ ನಿಂತ ಭಂಗಿಯ ಚತುರ್ಮುಖ ಬ್ರಹ್ಮನ ವಿಗ್ರಹವಿದೆ. ಐಹೊಳೆಯ ಕುಳಿತ ಬ್ರಹ್ಮನಿಗೂ ಇವನಿಗೂ ನಡುವೆ ಕಳೆದದ್ದು ಶತಮಾನಗಳು, ಜೊತೆಗೆ ಬದಲಾದದ್ದು ಕಲ್ಲು. ಬಾದಾಮಿ, ಐಹೊಳೆಯವರು ಕೆಂಪು ಮರಳುಗಲ್ಲಿನಲ್ಲಿ ಕೆಲಸ ಮಾಡಿದರು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ನಮ್ಮ ಶಿಲ್ಪಿಗಳು ನುಣುಪಾದ ಬಳಪದ ಕಲ್ಲಿಗೆ ಬಂದರು. 1050ರ ಹೊತ್ತಿನ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವನ್ನು ಈ ಬದಲಾವಣೆಯ ಮೊದಲ ದೊಡ್ಡ ಉದಾಹರಣೆಯೆಂದು ವಿದ್ವಾಂಸರು ಹೇಳುತ್ತಾರೆ. ಈ ಕಲ್ಲು ಉಳಿಗೆ ಮೆತ್ತಗೆ ಒಗ್ಗುವುದರಿಂದಲೇ ಲಕ್ಕುಂಡಿಯ ಕಾಶಿವಿಶ್ವೇಶ್ವರನ ಬಾಗಿಲವಾಡದಲ್ಲಿ ಪಟ್ಟಿಕೆಯೊಳಗೆ ಪಟ್ಟಿಕೆ, ಬಳ್ಳಿಯೊಳಗೆ ಆಕೃತಿ ಎಂದು ಅಷ್ಟು ಆಳದ ಕೆತ್ತನೆ ಸಾಧ್ಯವಾಯಿತು, ಕಂಬಗಳನ್ನು ತಿರುಗಣಿಯಲ್ಲಿ ಕಡೆದು ಕನ್ನಡಿಯ ಹೊಳಪು ತರಲಾಯಿತು. ಕಲ್ಲನ್ನು ಗುರುತಿಸಲು ಕಲಿತವರಿಗೆ ಯಾವ ನಗರದ ಶಿಲ್ಪ ವಿಭಾಗವೂ ಅಪರಿಚಿತವಾಗುವುದಿಲ್ಲ. ಯಾವ ಫಲಕದ ಮುಂದೆಯೂ ಮೊದಲು ಕೇಳಬೇಕಾದ ಪ್ರಶ್ನೆ, ಇದು ಯಾವ ಕಲ್ಲು ಎಂಬುದು ಎಂದು ನನ್ನ ಭಾವನೆ. ಉಳಿದ ಪ್ರಶ್ನೆಗಳು ತಾವಾಗಿ ಹಿಂದೆ ಬರುತ್ತವೆ.

ವಿದ್ಯಾನಗರ, ಹುಬ್ಬಳ್ಳಿ

ಇಬ್ಬರ ಬರಹವನ್ನೂ ಗೌರವದಿಂದ ಓದಿದೆ, ಆದರೆ ಒಂದು ವಿಷಯದಲ್ಲಿ ನನ್ನ ಭಿನ್ನಮತವನ್ನು ದಾಖಲಿಸಬೇಕಾಗಿದೆ. ನಾಲ್ಕಾರು ಕೃತಿಗಳ ಮುಂದೆ ಮಾತ್ರ ನಿಲ್ಲಿ ಎನ್ನುವುದು ಮತ್ತೆ ಮತ್ತೆ ಹೋಗಬಲ್ಲವರಿಗೆ ಹೊಂದುವ ಸಲಹೆ. ಅಂಗಡಿ ನಡೆಸುವ ನನ್ನಂಥವರು, ಹೊಲಮನೆ ಇರುವವರು, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರು ದೆಹಲಿಗೆ ಜೀವಮಾನದಲ್ಲಿ ಒಮ್ಮೆ ಹೋದರೆ ದೊಡ್ಡದು. ಅಂಥವರು ರಾಷ್ಟ್ರೀಯ ವಸ್ತುಸಂಗ್ರಹಾಲಯದ ಬಾಗಿಲವರೆಗೆ ಹೋಗಿ, ಒಂದು ಕೋಣೆ ನೋಡಿ, ಸಮಾಧಾನದಿಂದ ಹಿಂದಿರುಗಬೇಕೆಂದು ಹೇಳುವುದು ಸರಿಯೇ? ಹರಪ್ಪದಿಂದ ಹಿಡಿದು ತಂಜಾವೂರಿನ ಚಿತ್ರಗಳವರೆಗೆ ಒಂದೇ ಕಟ್ಟಡದಲ್ಲಿ ಇರುವಾಗ, ಎಲ್ಲದರ ಒಂದು ಅಂದಾಜು ಸಿಗುವುದೇ ಅವರಿಗೆ ಹೆಚ್ಚಿನ ಲಾಭವೆಂದು ನನಗನ್ನಿಸುತ್ತದೆ. ಇತಿಹಾಸದ ಉದ್ದವನ್ನು ಒಂದೇ ದಿನದಲ್ಲಿ ನಡೆದು ಮುಗಿಸುವುದರಲ್ಲಿಯೂ ಒಂದು ಬಗೆಯ ಬೆರಗಿದೆ.

ಸಪ್ತಾಪುರ, ಧಾರವಾಡ

ವಿದ್ಯಾನಗರದವರ ಆಕ್ಷೇಪಕ್ಕೆ ಬೆಲೆಯಿದೆ. ಒಮ್ಮೆ ಮಾತ್ರ ಹೋಗುವವರು ನಡಿಗೆಯನ್ನೂ ನಿಲುಗಡೆಯನ್ನೂ ಕೂಡಿಸಬಹುದು: ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ, ಮೊದಲ ತಾಸಿನಲ್ಲಿ ಎಲ್ಲಿಯೂ ಫಲಕ ಓದದೆ ಇಡೀ ಕಟ್ಟಡವನ್ನು ನಡೆದುಬಿಡಬೇಕು, ಯಾವುದು ಕಾಲನ್ನು ತಡೆಯಿತೋ ಅದನ್ನು ಗುರುತು ಹಾಕಿಕೊಂಡು, ಊಟದ ನಂತರ ಅಲ್ಲಿಗೇ ಮರಳಬೇಕು. ಒಳಗೆ ಬರುವವರ ಸಂಖ್ಯೆ ಬೆಳಿಗ್ಗೆ ಕಡಿಮೆ ಇರುವುದರಿಂದ ಇದು ಸಾಧ್ಯ. ಆದರೆ ಮರಳಲೇಬೇಕು ಎಂಬ ನನ್ನ ಹಟ ಹಾಗೆಯೇ ಇದೆ. ಅದಕ್ಕೆ ಕಾರಣವನ್ನು ಕಿರುಚಿತ್ರಗಳ, ಅಂದರೆ ಕಾಗದದ ಮೇಲೆ ಕುಂಚದಿಂದ ಬರೆದ ಚಿಕ್ಕ ವರ್ಣಚಿತ್ರಗಳ (ಮಿನಿಯೇಚರ್) ಉದಾಹರಣೆಯಿಂದ ಹೇಳುತ್ತೇನೆ.

ಮುಂಬೈಯ ಅದೇ ಸಂಗ್ರಹಾಲಯದಲ್ಲಿ ಮೊಘಲ್, ರಾಜಸ್ಥಾನಿ, ಪಹಾಡಿ ಚಿತ್ರಗಳ ಜೊತೆಗೆ ದಖ್ಖನಿನ ಚಿತ್ರಗಳೂ ಇವೆ. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹ 1580ರಿಂದ 1627ರವರೆಗೆ ಆಳಿದ ಕಾಲದಲ್ಲಿ ಸಂಗೀತದಷ್ಟೇ ಚಿತ್ರಕಲೆಗೂ ಆಶ್ರಯವಿತ್ತೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಪರಂಪರೆಯ ಚಿತ್ರಗಳನ್ನು ನೋಡಲು ಮಾತ್ರ ನಾವು ಹೊರಗಿನ ನಗರಗಳಿಗೆ ಹೋಗಬೇಕಾಗಿದೆ. ಕಿರುಚಿತ್ರಗಳ ಕೋಣೆಗೆ ಕಾಲಿಟ್ಟ ಕೂಡಲೇ ಬೆಳಕು ಸಾಲದು ಎನ್ನಿಸುತ್ತದೆ, ಬಹಳ ಜನ ಅಲ್ಲಿಂದ ಬೇಗನೆ ಹೊರಬೀಳುವುದೂ ಅದಕ್ಕಾಗಿಯೇ. ಆ ಮಂದ ಬೆಳಕು ಬೇಕೆಂದೇ ಇಟ್ಟದ್ದು. ಕಾಗದ ಮತ್ತು ಸಸ್ಯಜನ್ಯ ಬಣ್ಣಗಳು ಬೆಳಕಿಗೆ ಬಾಡುತ್ತವೆ, ಬಾಡಿದ ಬಣ್ಣವನ್ನು ಯಾರೂ ಮರಳಿ ತರಲಾರರು. ಅದಕ್ಕಾಗಿ ಸಂಗ್ರಹಾಲಯಗಳು ಇಂಥ ಕೃತಿಗಳಿಗೆ ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕನ್ನೇ ಮಿತಿಯೆಂದು ಪಾಲಿಸುತ್ತವೆ, ಕೃತಿಗಳನ್ನು ಆಗಾಗ ಒಳಗಿಟ್ಟು ಬೇರೆಯವನ್ನು ಹೊರತರುತ್ತವೆ. ಹೊರಗಿನ ಬಿಸಿಲಿನಿಂದ ಬಂದ ಕಣ್ಣು ಆ ಕತ್ತಲೆಗೆ ಹೊಂದಿಕೊಳ್ಳಲು ಕೆಲವು ನಿಮಿಷಗಳೇ ಬೇಕು. ಬೇಗ ಹೊರಟವರು ಅಷ್ಟರಲ್ಲಿ ಹೊರಟಿರುತ್ತಾರೆ, ಅಂದರೆ ಅವರು ಚಿತ್ರವನ್ನು ನೋಡಿಯೇ ಇರುವುದಿಲ್ಲ.

ಇನ್ನೊಂದು ವಿಷಯ. ಈ ಚಿತ್ರಗಳನ್ನು ಗೋಡೆಗೆ ತೂಗುಹಾಕಲೆಂದು ಬರೆದಿರಲಿಲ್ಲ. ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಗಟ್ಟಿ ಮಾಡಿ, ಅಗೇಟು ಕಲ್ಲಿನಿಂದ ಉಜ್ಜಿ ನುಣುಪು ಮಾಡಿ, ಅಳಿಲಿನ ಬಾಲದ ಕೂದಲಿನ ಕುಂಚದಿಂದ ಬರೆದ ಆ ಚಿತ್ರವನ್ನು ಸುಲ್ತಾನನು ಕೈಯಲ್ಲಿ ಹಿಡಿದು, ಮುಖದ ಹತ್ತಿರ ತಂದು, ಅತ್ತಿತ್ತ ಓರೆ ಮಾಡಿ ನೋಡುತ್ತಿದ್ದ. ಓರೆ ಮಾಡಿದಾಗ ಚಿನ್ನದ ಭಾಗಗಳು ಮಿಂಚುತ್ತಿದ್ದವು. ಕೆಲವು ಕಡೆ ಚಿನ್ನದ ಮೇಲೆ ಸೂಜಿಯಿಂದ ಚುಚ್ಚಿದ ಸಣ್ಣ ಚುಕ್ಕೆಗಳಿರುವುದು ಆ ಮಿಂಚಿಗಾಗಿಯೇ. ಗಾಜಿನ ಹಿಂದಿನ ಹಾಳೆಯನ್ನು ನಾವು ಓರೆ ಮಾಡುವಂತಿಲ್ಲ, ಆದ್ದರಿಂದ ನಾವೇ ಓರೆಯಾಗಬೇಕು. ತಲೆಯನ್ನು ಸ್ವಲ್ಪ ತಗ್ಗಿಸಿ, ಎಡಕ್ಕೂ ಬಲಕ್ಕೂ ನಿಧಾನವಾಗಿ ಸರಿದರೆ ಒಂದು ಕೋನದಲ್ಲಿ ಅಂಗವಸ್ತ್ರದ ಅಂಚು, ಕಠಾರಿಯ ಹಿಡಿ, ಆಕಾಶದ ಒಂದು ಗೆರೆ ಥಟ್ಟನೆ ಹೊತ್ತಿಕೊಳ್ಳುತ್ತವೆ. ಮುದ್ರಿತ ಪುಸ್ತಕದಲ್ಲಿಯಾಗಲಿ ಮೊಬೈಲಿನಲ್ಲಿಯಾಗಲಿ ಇದು ಎಂದೂ ಕಾಣುವುದಿಲ್ಲ. ರೈಲಿನ ಖರ್ಚು ಮಾಡಿ ಅಷ್ಟು ದೂರ ಹೋಗುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಹಾವೇರಿ

ಪ್ರಶ್ನೆ ಸ್ವಲ್ಪ ವ್ಯವಹಾರದ್ದು, ದಯವಿಟ್ಟು ಕ್ಷಮಿಸಿ. ನಾನು ಒಬ್ಬಳೇ ಮುಂಬೈ ಮತ್ತು ಹೈದರಾಬಾದಿಗೆ ಹೋಗಬೇಕೆಂದಿದ್ದೇನೆ. ಮನೆಯವರು ಒಪ್ಪಿದ್ದಾರೆ, ಆದರೆ ಎಲ್ಲಿ ಉಳಿಯಬೇಕು, ಯಾವ ದಿನ ಹೋಗಬೇಕು, ಒಳಗೆ ಒಬ್ಬ ಹೆಂಗಸು ಬಹಳ ಹೊತ್ತು ನಿಂತರೆ ತೊಂದರೆಯಾಗುತ್ತದೆಯೇ ಎಂಬ ಬಗ್ಗೆ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಕೇಶ್ವಾಪುರ, ಹುಬ್ಬಳ್ಳಿ

ಹಾವೇರಿಯ ಸಹೋದರಿಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ. ವಸ್ತುಸಂಗ್ರಹಾಲಯದ ಒಳಗಿನಷ್ಟು ನಿರಾಳವಾಗಿ ಹೆಣ್ಣುಮಗಳೊಬ್ಬಳು ಒಬ್ಬಳೇ ಇರಬಹುದಾದ ಸಾರ್ವಜನಿಕ ಜಾಗಗಳು ದೊಡ್ಡ ನಗರಗಳಲ್ಲಿ ಕಡಿಮೆ. ಪ್ರತಿ ಕೋಣೆಯಲ್ಲಿಯೂ ಕಾವಲಿನವರಿರುತ್ತಾರೆ, ಶೌಚಾಲಯವಿರುತ್ತದೆ, ಕೂರಲು ಬೆಂಚುಗಳಿರುತ್ತವೆ, ಎಷ್ಟು ಹೊತ್ತು ನಿಂತರೂ ಯಾರೂ ಕೇಳುವುದಿಲ್ಲ. ಎಚ್ಚರ ಬೇಕಾಗಿರುವುದು ಊರಿನಿಂದ ಅಲ್ಲಿಗೆ ತಲುಪುವ ಮತ್ತು ಅಲ್ಲಿಂದ ತಂಗುವ ಜಾಗಕ್ಕೆ ಮರಳುವ ದಾರಿಯಲ್ಲಿ. ಆದ್ದರಿಂದ ಖರ್ಚು ಸ್ವಲ್ಪ ಹೆಚ್ಚಾದರೂ ಸಂಗ್ರಹಾಲಯಕ್ಕೆ ನಡೆದು ಹೋಗುವಷ್ಟು ಹತ್ತಿರ ಕೋಣೆ ಹಿಡಿಯಿರಿ. ಮುಂಬೈಯಲ್ಲಿ ಫೋರ್ಟ್ ಭಾಗದಲ್ಲಿ ಉಳಿದರೆ ಕಾಲಾ ಘೋಡಾ ಸುತ್ತಲಿನ ಮೂರು ಮುಖ್ಯ ಜಾಗಗಳು, ಅಂದರೆ ಶಿವಾಜಿ ಮಹಾರಾಜ ಸಂಗ್ರಹಾಲಯ, ಅದರ ಸಮೀಪದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಜಹಾಂಗೀರ್ ಆರ್ಟ್ ಗ್ಯಾಲರಿ ಇವೆಲ್ಲ ಒಂದರಿಂದ ಒಂದಕ್ಕೆ ಕೆಲವೇ ನಿಮಿಷಗಳ ನಡಿಗೆ. ಸಿ.ಎಸ್.ಎಂ.ಟಿ. (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ರೈಲು ನಿಲ್ದಾಣದಿಂದಲೂ ನಡೆಯಬಹುದು.

ದಿನಗಳ ವಿಷಯದಲ್ಲಿ ಗಮನವಿಡಿ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ, ಹಾಗೂ ದೆಹಲಿ, ಮುಂಬೈ, ಬೆಂಗಳೂರುಗಳ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗಳಿಗೆ ಸೋಮವಾರ ರಜೆ. ಹೈದರಾಬಾದಿನ ಸಾಲಾರ್ ಜಂಗ್ ಮತ್ತು ಚೆನ್ನೈಯ ಎಗ್ಮೋರ್ ಸರ್ಕಾರಿ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ರಾಷ್ಟ್ರೀಯ ಹಬ್ಬಗಳಂದು ಹೋಗುವ ಯೋಚನೆಯನ್ನೇ ಬಿಡಿ. ದುರಸ್ತಿಗೆಂದು ಕೆಲವು ವಿಭಾಗಗಳನ್ನು ತಿಂಗಳುಗಟ್ಟಲೆ ಮುಚ್ಚಿಡುವುದೂ ಉಂಟು, ಆದ್ದರಿಂದ ಟಿಕೆಟ್ ಮಾಡಿಸುವ ಮೊದಲು ಸಂಗ್ರಹಾಲಯಕ್ಕೆ ಫೋನ್ ಮಾಡಿ ನೀವು ನೋಡಬೇಕೆಂದಿರುವ ವಿಭಾಗ ತೆರೆದಿದೆಯೇ ಎಂದು ಹೆಸರು ಹಿಡಿದೇ ಕೇಳಿ. ಇದನ್ನು ದೆಹಲಿಗೆ ಹೋಗುವವರು ವಿಶೇಷವಾಗಿ ಮಾಡಬೇಕು, ಏಕೆಂದರೆ ನಾರ್ತ್ ಬ್ಲಾಕ್ ಮತ್ತು ಸೌತ್ ಬ್ಲಾಕ್ ಕಟ್ಟಡಗಳಲ್ಲಿ ಹೊಸ ರಾಷ್ಟ್ರೀಯ ಸಂಗ್ರಹಾಲಯವನ್ನು ರೂಪಿಸುವ ಯೋಜನೆಯಿದೆ.

ಚೀಲವನ್ನು ಹೊರಗೆ ಇಡಬೇಕಾಗುತ್ತದೆ. ಸಣ್ಣ ನೋಟುಪುಸ್ತಕ ಮತ್ತು ಪೆನ್ಸಿಲ್ ಇಟ್ಟುಕೊಳ್ಳಿ; ಶಾಯಿಯ ಪೆನ್ನನ್ನು ಕೃತಿಗಳ ಬಳಿ ಬಳಸಲು ಅನೇಕ ಕಡೆ ಬಿಡುವುದಿಲ್ಲ. ಹೈದರಾಬಾದಿನಲ್ಲಿ ಗಂಟೆ ಬಾರಿಸುವ ಗಡಿಯಾರದ ಮುಂದೆ ಪ್ರತಿ ತಾಸಿಗೂ ದೊಡ್ಡ ಗುಂಪು ಸೇರುತ್ತದೆ. ಆ ಹೊತ್ತಿಗೆ ಮುಸುಕಿನ ರೆಬೆಕ್ಕಳ ಬಳಿ ಹೋಗಿ. ಜೊವಾನ್ನಿ ಮರಿಯಾ ಬೆಂಜೋನಿ 1876ರಲ್ಲಿ ಕೆತ್ತಿದ ಅಮೃತಶಿಲೆಯ ಆಕೆಯ ಮುಖದ ಮೇಲಿನ ಮುಸುಕು ಸಹ ಅದೇ ಕಲ್ಲಿನದು, ಆದರೂ ಮುಸುಕಿನ ಹಿಂದೆ ಮೂಗಿನ ರೇಖೆ, ತುಟಿ ಕಾಣುತ್ತವೆ. ಗುಂಪಿಲ್ಲದಾಗ ಅದರ ಸುತ್ತ ಒಂದು ಪೂರ್ಣ ಪ್ರದಕ್ಷಿಣೆ ಹಾಕಲು ಸಾಧ್ಯ.

ರಾಣೇಬೆನ್ನೂರು

ಇಷ್ಟೆಲ್ಲ ಓದಿದ ಮೇಲೆ ನನ್ನ ಮನಸ್ಸಿಗೆ ಬಂದ ಪ್ರಶ್ನೆಯನ್ನು ನೇರವಾಗಿ ಕೇಳುತ್ತೇನೆ. ಛಾವಣಿಯ ಫಲಕ ಛಾವಣಿಯಲ್ಲಿದ್ದರೇ ಅರ್ಥಪೂರ್ಣವೆಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಅದು ಮುಂಬೈಯಲ್ಲಿ ಏಕಿರಬೇಕು? ಐಹೊಳೆಗೆ ಮರಳಿ ಬರಬೇಕೆಂದು ನಾವು ಕೇಳಬಾರದೇಕೆ? ನಮ್ಮ ನೆಲದ ಶಿಲ್ಪವನ್ನು ನೋಡಲು ನಮ್ಮವರೇ ರಾತ್ರಿಯಿಡೀ ರೈಲಿನಲ್ಲಿ ಕೂತು ಹೋಗಬೇಕಾದ ಸ್ಥಿತಿ ನನಗೆ ನೋವು ತರುತ್ತದೆ.

ಬೆಟಗೇರಿ, ಗದಗ

ಆ ನೋವು ನನ್ನದೂ ಹೌದು. ಆದರೆ ಇದರ ಎರಡನೆಯ ಮುಖವನ್ನೂ ನಾನು ನಮ್ಮ ಹಳ್ಳಿಗಳಲ್ಲಿಯೇ ಕಾಣುತ್ತೇನೆ. ವೀರಗಲ್ಲುಗಳಿಗೆ ಎಣ್ಣೆ ಬಣ್ಣ ಬಳಿದಿರುತ್ತಾರೆ, ಶಾಸನದ ಕಲ್ಲು ಕಟ್ಟೆಯ ಮೆಟ್ಟಿಲಾಗಿರುತ್ತದೆ, ಬಯಲಿನಲ್ಲಿ ನಿಂತ ಬಳಪದ ಕಲ್ಲಿನ ಮೂರ್ತಿಯ ಮೂಗು ವರ್ಷ ವರ್ಷವೂ ಸವೆಯುತ್ತಿರುತ್ತದೆ. ಸಂಗ್ರಹಾಲಯದಲ್ಲಿರುವ ಕಲ್ಲಿಗೆ ಕನಿಷ್ಠ ಮಳೆ ತಾಗುವುದಿಲ್ಲ, ಕಳ್ಳರು ತಾಗುವುದಿಲ್ಲ. ಸ್ಥಳದಲ್ಲಿಯೇ ಒಳ್ಳೆಯ ಸಂಗ್ರಹಾಲಯವಿದ್ದರೆ ಎರಡೂ ಸಾಧ್ಯವೆಂಬುದಕ್ಕೆ ಲಕ್ಕುಂಡಿಯ ಶಿಲ್ಪ ಸಂಗ್ರಹಾಲಯವೇ ಉದಾಹರಣೆ. ಗುಡಿಯಿಂದ ಬಿಡಿಯಾಗಿ ಸಿಕ್ಕ ಮೂರ್ತಿಗಳು ಗುಡಿಯ ನೆರಳಿನಲ್ಲಿಯೇ ಉಳಿದಿವೆ. ದೂರ ಹೋದ ಫಲಕಗಳ ಮಟ್ಟಿಗೆ ನಾನು ಕೇಳಿಕೊಳ್ಳುವುದು ಎರಡನ್ನು ಮಾತ್ರ: ಅವು ಇದ್ದ ಗುಡಿಯಲ್ಲಿ ಅವುಗಳ ಯಥಾಪ್ರತಿಯನ್ನು ಛಾವಣಿಯಲ್ಲಿಯೇ ಇರಿಸಬೇಕು, ಮತ್ತು ಮುಂಬೈಯಲ್ಲಿ ಅವುಗಳ ಪಕ್ಕದಲ್ಲಿ ಮೂಲ ಗುಡಿಯ ಛಾವಣಿಯ ಚಿತ್ರವನ್ನು ಹಾಕಿ ನೋಡುವವರಿಗೆ ದಿಕ್ಕು ತೋರಬೇಕು. ಇವೆರಡೂ ಕಾನೂನಿನ ತೊಡಕಿಲ್ಲದೆ ಆಗಬಹುದಾದ ಕೆಲಸಗಳು.

ಮಾಳಮಡ್ಡಿ, ಧಾರವಾಡ

ಮೂರ್ತಿ ಗುಡಿಯಲ್ಲಿದ್ದರೆ ಒಂದು, ಸಂಗ್ರಹಾಲಯದಲ್ಲಿದ್ದರೆ ಇನ್ನೊಂದು ಎಂಬ ಮಾತಿಗೆ ಚೆನ್ನೈಯ ಕಂಚಿನ ವಿಗ್ರಹಗಳ ಗ್ಯಾಲರಿಗಿಂತ ಉತ್ತಮ ಉದಾಹರಣೆ ಇಲ್ಲ. ಚಿತ್ರಕಲೆ ಕಲಿಸುವ ವೃತ್ತಿಯಲ್ಲಿರುವುದರಿಂದ ಇದರ ಬಗ್ಗೆ ಸ್ವಲ್ಪ ದೀರ್ಘವಾಗಿ ಬರೆಯಲು ಅನುಮತಿ ಕೋರುತ್ತೇನೆ.

1851ರಲ್ಲಿ ಸ್ಥಾಪನೆಯಾದ ಎಗ್ಮೋರಿನ ಆ ಸಂಗ್ರಹಾಲಯದಲ್ಲಿ ತಿರುವೆಂಗಾಡಿನಿಂದ ಬಂದ ಚೋಳರ ಕಾಲದ ಅರ್ಧನಾರೀಶ್ವರನಿದ್ದಾನೆ. ಇಂಥ ವಿಗ್ರಹಗಳೆಲ್ಲ ಉತ್ಸವಮೂರ್ತಿಗಳು. ಗುಡಿಯಲ್ಲಿದ್ದಾಗ ಅವು ರೇಷ್ಮೆ, ಹೂವು, ಆಭರಣಗಳಲ್ಲಿ ಮುಚ್ಚಿಹೋಗಿ, ಭಕ್ತರಿಗೆ ಮುಖ ಮತ್ತು ಹಸ್ತಗಳಷ್ಟೇ ಕಾಣುತ್ತಿದ್ದವು. ಪೀಠದಲ್ಲಿರುವ ರಂಧ್ರ, ಕೊಂಡಿಗಳನ್ನು ಗಮನಿಸಿ. ಮೆರವಣಿಗೆಯಲ್ಲಿ ಕಂಬ ತೂರಿಸಿ ಹೊರಲು ಮಾಡಿದ ಏರ್ಪಾಡು ಅದು. ಯಾರೂ ನೋಡದ ಬೆನ್ನನ್ನೂ ಸೊಂಟವನ್ನೂ ಶಿಲ್ಪಿ ಅಷ್ಟು ನಿಷ್ಠೆಯಿಂದ ಮಾಡಿದ್ದಾನೆಂಬುದು ಸಂಗ್ರಹಾಲಯದಲ್ಲಿ ನಿಂತಾಗ ಮಾತ್ರ ತಿಳಿಯುತ್ತದೆ. ಅರ್ಧನಾರೀಶ್ವರನ ಬಲಭಾಗ ಗಂಡಿನದು, ಭುಜ ನೇರ, ಸೊಂಟ ಗಟ್ಟಿ. ಎಡಭಾಗ ಹೆಣ್ಣಿನದು, ಸೊಂಟ ಹೊರಕ್ಕೆ ಬಾಗಿದೆ. ಎರಡು ದೇಹಗಳನ್ನು ಜೋಡಿಸಿದಂತೆ ಎಲ್ಲಿಯೂ ಕಾಣುವುದಿಲ್ಲ. ನಡ ಬಳುಕಿದ್ದರಿಂದ ಎರಡೂ ಒಂದೇ ನಿಲುವಿನಲ್ಲಿ ಸೇರಿಹೋಗಿವೆ. ನನ್ನ ವಿದ್ಯಾರ್ಥಿಗಳಿಗೆ ಆ ನಿಲುವಿನ ಒಂದೇ ಗೆರೆಯನ್ನು ಪೆನ್ಸಿಲ್ಲಿನಲ್ಲಿ ಹಿಡಿಯಲು ಹೇಳುತ್ತೇನೆ. ತಲೆಯಿಂದ ಪಾದದವರೆಗೆ ಆ ಗೆರೆ ಬಂದರೆ ಉಳಿದದ್ದೆಲ್ಲ ಬರುತ್ತದೆ.

ಮಾಡುವ ಕ್ರಮವೂ ತಿಳಿದಿರಬೇಕು. ಮೊದಲು ಮೇಣದಲ್ಲಿ ಪೂರ್ಣ ಮೂರ್ತಿಯನ್ನು ರೂಪಿಸಿ, ಅದರ ಮೇಲೆ ಮಣ್ಣಿನ ಪದರಗಳನ್ನು ಕಟ್ಟಿ, ಕಾಯಿಸಿ ಮೇಣವನ್ನು ಹರಿಸಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹವನ್ನು ಹೊಯ್ಯುತ್ತಾರೆ. ಮೂರ್ತಿಯನ್ನು ಹೊರತೆಗೆಯಲು ಮಣ್ಣಿನ ಅಚ್ಚನ್ನು ಒಡೆಯಲೇಬೇಕಾದ್ದರಿಂದ ಅದೇ ಅಚ್ಚಿನಿಂದ ಎರಡನೆಯ ಮೂರ್ತಿ ಬರುವುದಿಲ್ಲ. ಆ ಗ್ಯಾಲರಿಯಲ್ಲಿ ಸಾಲಾಗಿ ನಿಂತ ನಟರಾಜರು ದೂರದಿಂದ ಒಂದೇ ಬಗೆಯವರಂತೆ ಕಂಡರೂ ಪ್ರತಿಯೊಬ್ಬನೂ ಬೇರೆಯೇ ಏಕೆಂಬುದಕ್ಕೆ ಇದೂ ಒಂದು ಕಾರಣ. ತಿರುವಾಲಂಗಾಡಿನ ನಟರಾಜನ ಛಾಯಾಚಿತ್ರಗಳನ್ನು ನೋಡಿಯೇ ಫ್ರಾನ್ಸಿನ ಮಹಾಶಿಲ್ಪಿ ರೊಡಾನ್ ಮೆಚ್ಚಿ ಲೇಖನ ಬರೆದರು. ಅವರು ನೋಡಿದ್ದು ಫೋಟೋ ಮಾತ್ರ. ಮೂರ್ತಿಯೇ ಒಂದು ಹಗಲು ಅಥವಾ ರಾತ್ರಿಯ ಪ್ರಯಾಣದಷ್ಟು ಹತ್ತಿರದಲ್ಲಿರುವ ನಾವು ಹೋಗದಿರುವುದು ಸರಿಯಲ್ಲ.

ಸಪ್ತಾಪುರ, ಧಾರವಾಡ

ಮಾಳಮಡ್ಡಿಯವರಿಗೆ ಕೃತಜ್ಞತೆಗಳು. ಫೋಟೋದ ಮಾತಿಗೆ ಹೊಂದಿಕೊಂಡು ದೆಹಲಿಯ ಎರಡು ಕೃತಿಗಳನ್ನು ಹೇಳುತ್ತೇನೆ. ಮೊಹೆಂಜೊದಾರೊದ ನರ್ತಕಿಯನ್ನು ಶಾಲೆಯ ಪುಸ್ತಕದಲ್ಲಿ ಎಲ್ಲರೂ ನೋಡಿದ್ದೇವೆ. ಪುಟದ ತುಂಬ ಮುದ್ರಿಸಿದ ಆ ಚಿತ್ರವೇ ತಲೆಯಲ್ಲಿ ಕುಳಿತಿರುವುದರಿಂದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅವಳನ್ನು ಹುಡುಕುವವರು ದೊಡ್ಡದೇನನ್ನೋ ಹುಡುಕುತ್ತಿರುತ್ತಾರೆ. ಅವಳ ಎತ್ತರ 10.5 ಸೆಂ.ಮೀ. ಅಷ್ಟು ಸಣ್ಣ ದೇಹದಲ್ಲಿ ಸೊಂಟದ ಮೇಲಿಟ್ಟ ಕೈ, ಎಡತೋಳು ತುಂಬ ಬಳೆ, ಎತ್ತಿದ ಗಲ್ಲ, ಯಾರಿಗೂ ಅಂಜದ ನಿಲುವು ಇವೆಲ್ಲ ಇವೆ.

ಎರಡನೆಯದು ಜೈಪುರ್ ಹೌಸ್‌ನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿರುವುದು. 1954ರಲ್ಲಿ ಆರಂಭವಾದ ಆ ಗ್ಯಾಲರಿಯಲ್ಲಿ ಅಮೃತಾ ಶೇರ್‌ಗಿಲ್ ಅವರ ಕೃತಿಗಳ ಬಹು ದೊಡ್ಡ ಸಂಗ್ರಹವಿದೆ. ಬುಡಾಪೆಸ್ಟ್‌ನಲ್ಲಿ 1913ರಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಕಲಿತು, 1941ರಲ್ಲಿ 28ನೆಯ ವಯಸ್ಸಿಗೆ ಲಾಹೋರಿನಲ್ಲಿ ತೀರಿಹೋದ ಈಕೆ ಅಜಂತಾ ಮತ್ತು ದಕ್ಷಿಣ ಭಾರತದ ಪ್ರವಾಸದ ನಂತರ 1937ರಲ್ಲಿ ಬರೆದ ಮದುವಣಗಿತ್ತಿಯ ಶೃಂಗಾರದ ಚಿತ್ರದ ಎದುರಿನ ಬೆಂಚಿನಲ್ಲಿ ನಾನು ಬಹಳ ಹೊತ್ತು ಕೂತಿದ್ದೇನೆ. ಮದುವೆಯ ಸಿದ್ಧತೆಯೆಂದರೆ ನಮ್ಮ ಮನೆಗಳಲ್ಲಿ ಗದ್ದಲ, ನಗು. ಈ ಚಿತ್ರದಲ್ಲಿ ಯಾರೂ ನಗುವುದಿಲ್ಲ, ಯಾರೂ ಮಾತಾಡುವುದಿಲ್ಲ. ನಡುವೆ ಕುಳಿತ ಹುಡುಗಿಯ ಅಂಗೈಗಳಲ್ಲಿ ಮದರಂಗಿಯ ಕೆಂಪು, ಹಿಂದೆ ಕೂದಲು ಹೆಣೆಯುವ ಹೆಂಗಸು, ಸುತ್ತ ಗಾಢ ಕಂದು ಮೈಗಳ ಗಾಂಭೀರ್ಯ. ಅಜಂತಾದ ಗೋಡೆಗಳಿಂದ ಕಲಿತ ಆ ಮಣ್ಣಿನ ಬಣ್ಣಗಳ ಪಕ್ಕದಲ್ಲಿ ಅಂಗೈಯ ಕೆಂಪು ಎಷ್ಟು ಜೋರಾಗಿ ಕೇಳಿಸುತ್ತದೆಂದರೆ, ಹುಡುಗಿಯ ಮುಖ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಆ ಕೈಗಳು ಹೇಳುತ್ತವೆ. ಆ ಕೆಂಪಿನ ತೂಕವನ್ನು ಮುದ್ರಣದಲ್ಲಿ ನಾನು ಎಂದೂ ಕಂಡಿಲ್ಲ. ಜೊತೆಗೆ ಯಾರಾದರೂ ಇದ್ದಿದ್ದರೆ ಆ ಬೆಂಚಿನಿಂದ ಬೇಗ ಏಳಬೇಕಾಗುತ್ತಿತ್ತು.

ಹಾನಗಲ್ಲ, ಹಾವೇರಿ ಜಿಲ್ಲೆ

ಪ್ರೌಢಶಾಲೆಯಲ್ಲಿ ಕಲಿಸುತ್ತಿದ್ದೇನೆ. ಮೊದಲ ಸಲ ಹೋಗುವವರಿಗೆ ದೆಹಲಿಗಿಂತ ಬೆಂಗಳೂರು ಸುಲಭವೆಂದು ನನ್ನ ಅನಿಸಿಕೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ 949ರ ಆತಕೂರು ಶಾಸನವಿದೆ. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಕಾದಾಡಿ ಸತ್ತದ್ದನ್ನು ಕಲ್ಲಿನಲ್ಲಿ ಬರೆಸಿ, ಆ ಕಾದಾಟದ ಚಿತ್ರವನ್ನೂ ಕೆತ್ತಿಸಿದ್ದಾರೆ. ಓದಲು ಬಾರದವರೂ ಅದರ ಮುಂದೆ ನಿಲ್ಲುತ್ತಾರೆ. ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ಇದೆ, ಅಲ್ಲಿಂದ ದೂರವಲ್ಲದ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ಅಪೂರ್ವ ಸಂಗ್ರಹವಿದೆ. ಇದಕ್ಕೂ ಮೊದಲು ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ, 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹಾಲಯವನ್ನು ಧಾರವಾಡದವರೇ ಎಷ್ಟು ಜನ ನೋಡಿದ್ದಾರೆ ಎಂದು ಕೇಳಬೇಕೆನ್ನಿಸುತ್ತದೆ. ಛಾವಣಿಗಳ ವಿಷಯದಲ್ಲಿ ನಮ್ಮೂರಿನ ತಾರಕೇಶ್ವರನನ್ನು ಯಾರೂ ನೆನೆಯದಿರುವುದು ಆಶ್ಚರ್ಯ. ಅಲ್ಲಿಯ ಬೃಹತ್ ಕಮಲದ ಛಾವಣಿಯ ಕೆಳಗೆ ಮಲಗಿಕೊಂಡು ನೋಡಬೇಕು. ನನ್ನ ಮಕ್ಕಳೆಲ್ಲ ಹಾಗೆಯೇ ನೋಡುತ್ತಾರೆ.

ಇನ್ನೊಂದು ಮಾಹಿತಿ. ದೃಷ್ಟಿದೋಷವಿರುವ ಕಲಾಸಕ್ತರು ನಮ್ಮ ನಡುವೆ ಇದ್ದರೆ, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕೃತಿಗಳ ಪ್ರತಿಗಳನ್ನು ಮುಟ್ಟಿ ನೋಡುವ, ಬ್ರೈಲ್ ಫಲಕಗಳಿರುವ 'ಅನುಭವ್' ಎಂಬ ವಿಭಾಗವನ್ನು 2015ರಲ್ಲಿ ಆರಂಭಿಸಿದ್ದಾರೆ. ಹೋಗುವ ಮುನ್ನ ಅದು ತೆರೆದಿದೆಯೇ ಎಂದು ವಿಚಾರಿಸಿ.

ವಿದ್ಯಾನಗರ, ಹುಬ್ಬಳ್ಳಿ

ನನ್ನ ಆಕ್ಷೇಪದಲ್ಲಿ ಅರ್ಧವನ್ನು ಹಾಗೆಯೇ ಇಟ್ಟುಕೊಂಡು, ದೀಪಾವಳಿಯ ನಂತರ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮುಂಬೈಗೆ ಹೋಗಲು ನಿರ್ಧರಿಸಿದ್ದೇನೆ. ಬೆಳಿಗ್ಗೆ ಇಳಿದು ಮರುದಿನ ರಾತ್ರಿ ಹಿಂದಿರುಗುವ ಗಾಡಿ. ಮೊದಲ ದಿನ ಎಲ್ಲವನ್ನೂ ನಡೆದು ನೋಡುತ್ತೇನೆ, ಎರಡನೆಯ ದಿನ ಐಹೊಳೆಯ ಫಲಕಗಳು ಮತ್ತು ದಖ್ಖನಿನ ಚಿತ್ರಗಳು ಮಾತ್ರ. ಸಂಜೆಯ ಹೊತ್ತಿಗೆ ಏನು ಮಾಡಬಹುದೆಂದು ತಿಳಿಸಿ.

ಸಪ್ತಾಪುರ, ಧಾರವಾಡ

ಸಂಜೆಯನ್ನು ಜಹಾಂಗೀರ್ ಆರ್ಟ್ ಗ್ಯಾಲರಿಗೆ ಇಟ್ಟುಕೊಳ್ಳಿ. ಅದು ಬೆಳಿಗ್ಗೆ 11ಕ್ಕೆ ತೆರೆದು ಸಂಜೆ 7ರವರೆಗೆ ಇರುತ್ತದೆ, ಪ್ರವೇಶ ಶುಲ್ಕವಿಲ್ಲ. 1952ರಲ್ಲಿ ಆ ಗ್ಯಾಲರಿ ಆರಂಭವಾಗುವುದರ ಹಿಂದೆ ವಿಜ್ಞಾನಿ ಹೋಮಿ ಭಾಭಾ ಅವರೊಡನೆ ನಮ್ಮ ಉಡುಪಿ ಕಡೆಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಒತ್ತಾಸೆಯೂ ಇತ್ತು. ಸಂಗ್ರಹಾಲಯದಲ್ಲಿ ಎರಡು ದಿನ ತೀರಿಹೋದವರ ಕೆಲಸ ನೋಡಿದ ಮೇಲೆ ಇಲ್ಲಿ ಬದುಕಿರುವ ಕಲಾವಿದರು ತಮ್ಮ ಚಿತ್ರಗಳ ಪಕ್ಕದಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಕೊಳ್ಳುವವರಷ್ಟೇ ಮಾತಾಡಿಸಬೇಕೆಂದು ಸಂಕೋಚಪಡಬೇಡಿ. ಈ ಬಣ್ಣವನ್ನು ಇಲ್ಲಿ ಏಕೆ ಇಟ್ಟಿರಿ ಎಂದು ಕೇಳಿದರೆ ಬಹುತೇಕರು ಎದ್ದು ಬಂದು ಚಿತ್ರದ ಹತ್ತಿರ ನಿಂತು ತೋರಿಸುತ್ತಾರೆ. ಹಿಂದಿರುಗಿದ ಮೇಲೆ ಯಾರ ಪ್ರದರ್ಶನವಿತ್ತು, ಏನು ಕೇಳಿದಿರಿ ಎಂಬುದನ್ನು ಇಲ್ಲಿಯೇ ಬರೆಯಿರಿ.